ಮುಳ್ಳು ಸವೆಸಿದ ದನಿ

ರಾಮಮೂರ್ತಿ ನಗರದ ನಮ್ಮ ವಠಾರದಲ್ಲಿ ಮೂಲೆಮನೆ ಲಕ್ಷ್ಮಿಕಾಂತ ಇದ್ದಾನಲ್ಲ, ಇದು ಅವನಿಗೇ ಆದದ್ದು. ಅವನ ಬಾಯಿಂದಲೇ ಕೇಳಿದ್ದೀನಿ. ಆ ದೀಪ ಹಾಗೇ ಇರಲಿ, ಆರಿಸಬೇಡಿ.

ಹೋದ ಡಿಸೆಂಬರ್. ಅವನು ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸಿಳಿದಾಗ ಹನ್ನೊಂದೂವರೆ ದಾಟಿತ್ತು. ನಮ್ಮ ಕಡೆ ಬರುವ ಅಡ್ಡದಾರಿಯಲ್ಲಿ ಒಂದು ಹಾಳುಬಾವಿ ಇದೆ, ಮೇಲೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ರಾತ್ರಿ ಅಲ್ಲಿ ನಾಯಿ ಕೂಡ ಮಲಗಲ್ಲ. ಲಕ್ಷ್ಮಿಕಾಂತ ಬಾವಿ ದಾಟುತ್ತಿದ್ದ. ಜಾಲರಿ ಒಮ್ಮೆ ಟಿಣ್ ಅಂತು... ಆಮೇಲೆ ಕರ್... ಕರ್... ಕರ್... ಒಣಗಿದ ಎಲೆ ಮೇಲೆ ಉಗುರು ಎಳೆದ ಹಾಗೆ. ಅದರೊಳಗಿಂದ ಯಾರೋ ಕರೆದರು.

“ಲಕ್... ಮಿಕಾಂತ.”

ಹೆಸರಿನ ನಡುವೆ ಬರೀ ಗಾಳಿ. ಬೇರೆ ಯಾರಾದರೂ ಆಗಿದ್ದರೆ ಕುಡುಕ ಅಂದುಕೊಂಡು ಮುಂದೆ ಹೋಗುತ್ತಿದ್ದರು. ಇವನ ಕಾಲು ನಿಂತುಬಿಟ್ಟವು. ದನಿ ಸವೆಯೋಕೆ ಶುರುವಾದರೆ ಮೊದಲು ಹೋಗೋದು ಸ, ಶ, ಷ. ಅದು ಇವನಿಗೆ ಚೆನ್ನಾಗಿ ಗೊತ್ತಿತ್ತು, ಯಾಕಂದರೆ ಅವನ ಕಸುಬೇ ಅದು.

ಇಂದಿರಾನಗರದಲ್ಲಿ ರೆಕಾರ್ಡ್ ಕೊರೆದು ಕೊಡುವ ಅಂಗಡಿಯಲ್ಲಿ ಅವನಿಗೆ ಕೆಲಸ. ಈಗ ಮತ್ತೆ ಕಪ್ಪು ತಟ್ಟೆಗಳ ಶೋಕಿ ಬಂದಿದೆ ನೋಡಿ. ಸಾವಿರಗಟ್ಟಲೆ ಬೇಕಾದರೆ ಕಾರ್ಖಾನೆಯಲ್ಲಿ ಒತ್ತಿಸುತ್ತಾರೆ, ಅವು ತಲೆಮಾರುಗಟ್ಟಲೆ ಬಾಳುತ್ತವೆ. ಒಂದೇ ಒಂದು ಬೇಕಾದರೆ ಇಲ್ಲಿಗೆ ಬರುತ್ತಾರೆ. ಅಲ್ಯೂಮಿನಿಯಂ ತಟ್ಟೆ, ಮೇಲೆ ಅರಗಿನಂಥ ಮೆತ್ತನೆ ಲೇಪ. ಅದನ್ನು ಮಿಷನ್ ಮೇಲೆ ತಿರುಗಿಸಿ, ಚೂಪು ಮೊನೆಯಿಂದ ದನಿಯ ಗೆರೆ ಕೊರೆಯುತ್ತಾರೆ. ಆದರೆ ಲೇಪ ಮೆತ್ತಗಿದೆಯಲ್ಲ, ಕೇಳಲು ಪ್ಲೇಯರಿನ ಮುಳ್ಳು ಇಟ್ಟಾಗೆಲ್ಲ ಚೂರು ಚೂರು ಕೆರೆದುಹೋಗುತ್ತದೆ. ನಲವತ್ತು ಸಲ ಕೇಳಿದರೆ ಹೆಚ್ಚು. ಹಾಗಂತ ಅಚ್ಚು ಹಾಕಿದ ಚೀಟಿಯನ್ನು ಪ್ರತಿ ತಟ್ಟೆಯ ಜೊತೆ ಕೊಡಬೇಕು. ಕೊಡುವ ಕೆಲಸ ಲಕ್ಷ್ಮಿಕಾಂತನದು.

ಬೆನ್ಸನ್ ಟೌನಿನಿಂದ ಜಹನಾರಾ ಅಂತ ಒಬ್ಬ ವಯಸ್ಸಾದ ಹೆಂಗಸು ಬಂದರು. ಒಬ್ಬಳೇ ಮಗಳು ರಿಮ್ಶಾ, ಜ್ವರದಲ್ಲಿ ತೀರಿಹೋಗಿದ್ದಳು. ಒಡೆದ ಫೋನಿನಲ್ಲಿ ಅವಳ ದನಿ ಮೂರು ನಿಮಿಷ ಉಳಿದಿತ್ತು. ಅಮ್ಮೀ ಊಟ ಆಯ್ತಾ, ಮಾತ್ರೆ ತಗೊಂಡ್ಯಾ ಅಂತ ವಿಚಾರಿಸಿ, ಏನಕ್ಕೋ ನಕ್ಕು, ಕೊನೆಗೆ ಗಲಗಲ ಬಳೆ ಸದ್ದು. ಮನೆಯಲ್ಲಿ ಗಂಡನ ಕಾಲದ ಹಳೇ ಪ್ಲೇಯರ್ ಇದೆ, ಅದರಲ್ಲಿ ಕೇಳಬೇಕು ಅಂದರು. ಲಕ್ಷ್ಮಿಕಾಂತ ಕೊರೆದು ಕೊಟ್ಟ. ಅವತ್ತು ಚೀಟಿ ಮುಗಿದಿತ್ತು. ಬಾಯಲ್ಲಿ ಹೇಳಬಹುದಿತ್ತು, ಹೇಳಲಿಲ್ಲ. ಅಂಗಡಿ ನಿಯಮದ ಪ್ರಕಾರ ಕಂಪ್ಯೂಟರಿನಿಂದ ಆ ದನಿಯನ್ನು ಅಳಿಸಿಯೂ ಬಿಟ್ಟ. ಮುಂದಿನ ವಾರ ಆಕೆಯ ಆ ಒಡೆದ ಫೋನೂ ಕೆಟ್ಟುಹೋಯಿತು.

ಹದಿನೈದು ದಿನಕ್ಕೆ ಅವರು ತಟ್ಟೆ ಎದೆಗವಚಿಕೊಂಡು ವಾಪಸ್ ಬಂದರು.

“ಬೇಟಾ, ಮೊದ್ಲು ಬಳೆ ಸದ್ದು ಹೋಯ್ತು. ಈಗ ಮಾತೂ ಹೋಗ್ತಾ ಇದೆ. ದಿನಾ ಹತ್ತು ಸಲ ಹಾಕ್ತೀನಿ... ತಪ್ಪಾ?”

ಲಕ್ಷ್ಮಿಕಾಂತ ಮುಳ್ಳು ಇಟ್ಟ. ಕರ್... ಕರ್... ಕರ್... ಏನೂ ಉಳಿದಿರಲಿಲ್ಲ. ಗಾಜಿನ ಬಾಗಿಲಿನಾಚೆ ಮಾಲೀಕ ನಿಂತಿದ್ದ. ಚೀಟಿ ಕೊಡಲಿಲ್ಲ ಅಂತ ಗೊತ್ತಾದರೆ ಕೆಲಸ ಹೋಗುತ್ತದೆ. ಆಗ ಅವನು ಏನು ಹೇಳಿದ ಗೊತ್ತೇ? ಹೇಳೋಕೆ ನನಗೇ ನಾಚಿಕೆ.

“ಚೆನ್ನಾಗೇ ಕೇಳಿಸ್ತಾ ಇದೆಯಲ್ಲಮ್ಮಾ. ನಿಮ್ಮ ಕಿವಿ ಒಂದ್ಸಲ ತೋರಿಸ್ಕೊಳ್ಳಿ.”

ಆಕೆ ಸ್ಪೀಕರಿಗೆ ಕೆನ್ನೆ ಒತ್ತಿ ಕೂತರು. “ಈಗ ಏನ್ ಹೇಳ್ತಾ ಇದಾಳೆ?”

“ಮಾತ್ರೆ ತಗೊಂಡ್ಯಾ ಅಂತ.”

“ಈಗ?”

“ಈಗ... ನಗ್ತಾ ಇದಾರೆ.”

ಆಕೆಯೂ ನಕ್ಕರಂತೆ. ತನ್ನ ಕಿವಿಯನ್ನು ತಾನೇ ಬೈದುಕೊಂಡು, ಇವನಿಗೆ ಥ್ಯಾಂಕ್ಸ್ ಹೇಳಿ ಹೊರಟುಹೋದರು. ಇವನು ಆಮೇಲೆ ನೆಮ್ಮದಿಯಾಗಿ ಊಟ ಮಾಡಿದ. ಅದನ್ನೂ ಅವನೇ ಹೇಳಿದ್ದು.

ಬಾವಿ ಹತ್ತಿರ ಕರೆ ಬಂತು ಅಂದೆನಲ್ಲ, ಆ ದಿನ ಸಂಜೆ ಜಹನಾರಾ ಅವರ ತಮ್ಮ ಅಹ್ಮದ್ ಪಾಷಾ ಅಂಗಡಿಗೆ ಬಂದು ತಟ್ಟೆಯನ್ನು ಮೇಜಿನ ಮೇಲೆ ಇಟ್ಟು ಹೋಗಿದ್ದರು.

“ಅಕ್ಕ ಹೋಗ್ಬಿಟ್ರು. ಕಿವಿಗೆ ಮಿಷನ್ ಹಾಕಿಸಿದ್ವಿ, ಆದ್ರೂ ಕೇಳಿಸ್ಲಿಲ್ಲ. ನನ್ನ ಮಗಳು ಮಾತಾಡ್ತಾ ಇದಾಳೆ, ನಾನು ಪಾಪಿ ಕೇಳಿಸ್ಕೊಳ್ತಾ ಇಲ್ಲ ಅಂತ ಅಳ್ತಾ ಅಳ್ತಾನೇ ಹೋದ್ರು.”

ಈಗ ಬಾವಿಗೆ ಬನ್ನಿ. ಲಕ್ಷ್ಮಿಕಾಂತ ತಿರುಗಿ ನೋಡಲಿಲ್ಲ. ದನಿ ಹತ್ತಿರ ಬಂತು... ಭುಜದ ಹಿಂದೆ... ಕಿವಿಯ ಪಕ್ಕ.

“ನನ್ನ ಕಿವಿ ಚೆನ್ನಾಗೇ ಇತ್ತು, ಬೇಟಾ.”

ಅವನು ಎರಡೂ ಕಿವಿ ಮುಚ್ಚಿಕೊಂಡ. ದನಿ ನಿಲ್ಲಲಿಲ್ಲ.

“ನಿನ್ನ ಕಿವೀನೂ ಚೆನ್ನಾಗೇ ಇರುತ್ತೆ.”

ಅಷ್ಟೇ. ಓಡಿ ಬಂದು ಚಿಲಕ ಹಾಕಿಕೊಂಡ. ಮನೆಯಲ್ಲಿ ಅವನ ಹಾಗೇ ಯಾದಗಿರಿ ಕಡೆಯ ಹೆಂಡತಿ ಉಮಾಶ್ರೀ, ಆರು ವರ್ಷದ ಮಗಳು ಶಿವಾನಿ. ಆ ಮಗು ಬಾಯಿ ಬಿಟ್ಟರೆ ಮುಚ್ಚುತ್ತಿರಲಿಲ್ಲ, ಇಡೀ ವಠಾರದ ಸುದ್ದಿ ಅದರ ಬಾಯಲ್ಲೇ. ಇವನ ಜೀವ ಅಂದರೆ ಅದೇ.

ಬೆಳಿಗ್ಗೆ ಮಗು ಚೀಲ ಹಿಡಿದು ಬಂದು ನಿಂತಿತು. “ಅಪ್ಪಾ, ...ಕೂಲ್ಗೆ ಲೇಟಾಯ್ತು.”

ಹಲ್ಲು ಬಿದ್ದಿರಬೇಕು ಅಂದುಕೊಂಡು ಬಾಯಿ ತೆಗೆಸಿ ನೋಡಿದ. ಎಲ್ಲ ಹಲ್ಲೂ ಇದ್ದವು. ಉಮಾಶ್ರೀಗೆ ಮಾತು ಸರಿಯಾಗೇ ಕೇಳಿಸಿತ್ತು. ನಮಗೂ ಕೇಳಿಸುತ್ತಿತ್ತು. ವಾರ ಕಳೆಯುವುದರಲ್ಲಿ ಮಗುವಿನ ದನಿ ಅವನಿಗೆ ತೆಳ್ಳಗಾಯಿತು, ಹಿಂದೆ ಕರ್... ಕರ್... ಸೇರಿಕೊಂಡಿತು. ಶಿವಾಜಿನಗರದಲ್ಲಿ ಡಾಕ್ಟರಿಗೆ ತೋರಿಸಿದ. ಎರಡೂ ಕಿವಿ ಚೆನ್ನಾಗೇ ಇವೆ ಅಂತ ಬರೆದು ಕೊಟ್ಟರು. ಅದನ್ನು ಓದಿ ಅವನು ಆಸ್ಪತ್ರೆಯ ಮೆಟ್ಟಿಲ ಮೇಲೇ ಕೂತುಬಿಟ್ಟ. ಮಗಳು ಒಂದೊಂದು ಮಾತಾಡಿದಾಗಲೂ ಅವನ ಪಾಲಿನ ದನಿ ಒಂದಿಷ್ಟು ಸವೆಯುತ್ತಿದೆ ಅಂತ ಆಗ ಹೊಳೆಯಿತು.

ಮನೆಗೆ ಬಂದವನೇ ಮಗುವಿಗೆ ಮಾತಾಡಬೇಡ ಅಂದ. ಮಕ್ಕಳು ಕೇಳುತ್ತವೆಯೇ? ಗದರಿದ. ಒಂದು ದಿನ ಹೊಡೆದೂ ಬಿಟ್ಟ. ಆಮೇಲೆ ಶಿವಾನಿ ಅಪ್ಪ ಬಂದ ತಕ್ಷಣ ಗೋಡೆ ಕಡೆ ತಿರುಗಿ ಕೂರುತ್ತಿತ್ತು, ನೀರು ಬೇಕಾದರೂ ಕೈಸನ್ನೆ ಮಾಡುತ್ತಿತ್ತು. ಅವನು ಮಾತ್ರ, ಸದ್ಯ ದನಿ ಇಷ್ಟಾದರೂ ಉಳೀತಲ್ಲ ಅಂತಿದ್ದ.

ಹಗಲು ಬಾಯಿ ಮುಚ್ಚಿಸಿದರೆ ರಾತ್ರಿ ಏನು ಮಾಡುತ್ತೀರಿ? ಮಗು ನಿದ್ದೆಯಲ್ಲಿ ಮಾತಾಡೋಕೆ ಶುರುಮಾಡಿತು. ಅಪ್ಪಾ... ಅಪ್ಪಾ... ಅಂತ, ಹಗಲು ತಡೆದಿದ್ದೆಲ್ಲ ರಾತ್ರಿ.

ಒಂದು ರಾತ್ರಿ ಉಮಾಶ್ರೀಗೆ ಎಚ್ಚರವಾಯಿತು. ಗಂಡ ಕತ್ತಲಲ್ಲಿ ಮಂಡಿಯೂರಿ ಕೂತು ಮಗುವಿನ ಬಾಯನ್ನು ಅಂಗೈಯಿಂದ ಒತ್ತಿ ಹಿಡಿದಿದ್ದ. ಮಗುವಿನ ಕಾಲು ಚಾಪೆ ಮೇಲೆ ಪಟಪಟ ಬಡಿಯುತ್ತಿದ್ದವು.

“ಏನ್ ಮಾಡ್ಲಕತ್ತೀರಿ?” ಅಂದಳು.

“ಶ್... ಖರ್ಚಾಗ್ಲಕತ್ತದ. ಆಕಿ ದನಿ ಖರ್ಚಾಗ್ಲಕತ್ತದ.”

ಉಮಾಶ್ರೀ ಕೈ ಕಿತ್ತು ಬಿಡಿಸಿದಳು. ಮಗು ಉಸಿರೆಳೆದುಕೊಂಡು ಒಂದೇ ಸಮ ಚೀರಿತು. ಇಡೀ ವಠಾರ ಎದ್ದು ಬಂತು, ನಾನೂ ಓಡಿದೆ. ಲಕ್ಷ್ಮಿಕಾಂತ ಮಗಳ ತೆರೆದ ಬಾಯನ್ನೇ ನೋಡುತ್ತಾ ನನ್ನನ್ನು ಕೇಳಿದ:

“ಈಗ ಏನ್ ಹೇಳ್ತಾ ಇದಾಳೆ, ಅಣ್ಣಾ?”

ಬೆಳಕು ಹರಿಯುವ ಮೊದಲೇ ಉಮಾಶ್ರೀ ಮಗುವನ್ನು ಕರೆದುಕೊಂಡು ಯಾದಗಿರಿಯ ರೈಲು ಹತ್ತಿದಳು. ಮತ್ತೆ ಬರಲಿಲ್ಲ. ಬರುವುದೂ ಬೇಡ, ನಾನಾದರೂ ಹಾಗೇ ಹೇಳುತ್ತಿದ್ದೆ. ಶಿವಾನಿ ಅಲ್ಲಿ ಶಾಲೆಗೆ ಹೋಗುತ್ತಿದ್ದಾಳಂತೆ. ನಿದ್ದೆಯಲ್ಲಿ ಮಾತಾಡುವುದು ಪೂರ್ತಿ ನಿಂತಿದೆಯಂತೆ.

ಇವನು ಇಲ್ಲೇ ಇದ್ದಾನೆ. ರಾತ್ರಿ ಮಗಳು ಮಲಗುತ್ತಿದ್ದ ಜಾಗದಲ್ಲಿ, ಖಾಲಿ ದಿಂಬಿನ ಮೇಲೆ, ಬಾಯಿ ಮುಚ್ಚಿ ಹಿಡಿದ ಹಾಗೆ ಅಂಗೈ ಚಾಚಿ ಕೂತಿರುತ್ತಾನೆ. ಹೋದ ಶುಕ್ರವಾರ ಬೆಳಗಿನ ಜಾವ ನಲ್ಲಿ ನೀರು ಬಂದಿದೆ ಅಂತ ಎಬ್ಬಿಸಲು ಹೋಗಿ, ಆ ಕೈ ಹಿಡಿದೆ. ಸುಳ್ಳು ಹೇಳಿ ನನಗೇನಾಗಬೇಕು? ಬೆರಳುಗಳು ಚಳಿಗೆ ಮರಗಟ್ಟಿದ್ದವು. ಅಂಗೈ ಮಾತ್ರ ಬೆಚ್ಚಗಿತ್ತು... ಪುಟ್ಟ ಬಾಯಿಯ ಉಸಿರು ತಾಗಿ ಒದ್ದೆಯಾಗಿತ್ತು.