ಬೋರಮ್ಮನ ರೂಮಿಂದ ಬಂದ ಕಾಲ್

ನಗೋರು ಈಗಲೇ ನಕ್ಕುಬಿಡಿ. ಆಮೇಲೆ ನಗು ಬರಲ್ಲ.

ಹೆಗ್ಗನಹಳ್ಳೀಲಿ ನಮ್ಮನೆ ಎದುರಿಗೇ ಮಧುಕುಮಾರನ ಮನೆ. ಅಂಗಳದಲ್ಲಿ ಹಳೇ ಬಾವಿ, ಮೇಲೆ ಚಪ್ಪಡಿ ಮುಚ್ಚಿದೆ. ಅವನ ತಾಯಿ ಬೋರಮ್ಮನ ತಿಥಿ ಮುಗಿದ ರಾತ್ರಿ, ಸುಂಕದಕಟ್ಟೇಲಿ ಬಸ್ ಇಳಿದು ನಡ್ಕೊಂಡು ಬರ್ತಿದ್ದೆ. ಹತ್ತು ಗಂಟೆ ದಾಟಿತ್ತು. ಚಪ್ಪಡಿ ಮೇಲೆ ಯಾರೋ ಕೂತಿದ್ರು... ನೋಡಿದ್ರೆ ಮಧು ಹೆಂಡ್ತಿ, ಲತಾ.

"ಏನೇ ಲತಾ, ಇಷ್ಟೊತ್ನಲ್ಲಿ?"

"ಮೆಲ್ಲಗೆ ಅಕ್ಕಾ..." ಸುತ್ತ ನೋಡಿದ್ಲು. "ಅವತ್ತು ಡಬ್ಬಿ ಬಾಯಿ ಮುಚ್ಚಿಸಿದ್ದು ನಾನೇ."

"ಅಯ್ಯೋ..."

"ಯಾರಿಗೂ ಹೇಳ್ಬೇಡಿ. ಕೀರ್ತನಾಗೆ ಗೊತ್ತಾದ್ರೆ ನನ್ನ ಮುಖ ನೋಡಲ್ಲ ಅವಳು."

ಡಬ್ಬಿ ಅಂದ್ರೆ ಆ ಮಾತಾಡೋ ಸ್ಪೀಕರು. ಬೋರಮ್ಮ ಮಲಗ್ತಿದ್ದಿದ್ದು ಕೆಳಗಿನ ರೂಮಲ್ಲಿ, ಮಿಕ್ಕೋರೆಲ್ಲ ಮಹಡಿ ಮೇಲೆ. ಅಜ್ಜಿಗೆ ಸೊಂಟ ಹಿಡ್ಕೊಂಡ ಮೇಲೆ ಲತಾ ಮಗಳು ಕೀರ್ತನಾ ಕೆಳಗೊಂದು, ಮೇಲೊಂದು ಸ್ಪೀಕರ್ ತಂದಿಟ್ಟಳು. ಅದಕ್ಕೆ ಕನ್ನಡ ಬರಲ್ಲ, ಅಜ್ಜಿಗೆ ಇಂಗ್ಲಿಷ್ ಬರಲ್ಲ. "ಕಾಲ್ ಲತಾ" ಅಂತ ಎರಡೇ ಮಾತು ಬಾಯಿಪಾಠ ಮಾಡಿಸಿದ್ಲು. ಹಾಗಂದ್ರೆ ಸಾಕು, ಮೇಲಿನ ಸ್ಪೀಕರು "ಟುಡುಂಗ್... ಟುಡುಂಗ್..." ಅಂತ ಬಡ್ಕೊಳ್ಳೋದು.

ಬೋರಮ್ಮ ಬಿಡ್ತಾಳಾ! ರಾತ್ರಿಯೆಲ್ಲ ನೀರಿಗೊಂದು ಸಲ, ದಿಂಬಿಗೊಂದು ಸಲ, ಸುಮ್ಮನೆ ಒಂದು ಸಲ. ಲತಾ ಬೆಳಿಗ್ಗೆ ಎದ್ದು ನಾಯಂಡಹಳ್ಳಿಗೆ ಕೆಲಸಕ್ಕೆ ಹೋಗೋಳು. ಒಂದೇ ಒಂದು ರಾತ್ರಿ, ಸಾಕುಸಾಕಾಗಿ, ಮೇಲಿನ ಸ್ಪೀಕರು ಕೂಗದ ಹಾಗೆ ಮಾಡಿ ಮಲಗಿದ್ಲು. ಬೆಳಿಗ್ಗೆ ನೋಡಿದ್ರೆ ಬೋರಮ್ಮ ಮಂಚಕ್ಕೂ ಬಾಗಿಲಿಗೂ ನಡುವೆ ನೆಲದ ಮೇಲೆ... ಪಕ್ಕದಲ್ಲಿ ಖಾಲಿ ಚೊಂಬು. ಡಾಕ್ಟ್ರು ಹಾರ್ಟು ಅಂದ್ರು. ಅಜ್ಜಿಗೆ ಕರೆಯೋಕೂ ಪುರುಸೊತ್ತು ಸಿಗಲಿಲ್ಲ ಅಂತ ಮನೆಯೋರೆಲ್ಲ ನಂಬಿದ್ರು. ನಾನೂ ಬಾಯಿ ಹೊಲ್ಕೊಂಡೆ.

ವರ್ಷ ತುಂಬಿ ಮಹಾಲಯ ಅಮಾವಾಸ್ಯೆ ಬಂತು. ಹಿರಿಯರಿಗೆ ಎಡೆ ಇಡೋ ದಿನ. ಬೋರಮ್ಮನ ರೂಮಲ್ಲೇ ಬಾಳೆಎಲೆ ಹಾಕಿ ಮುದ್ದೆ, ಕೋಳಿಸಾರು, ವಡೆ, ಎಲೆಅಡಿಕೆ, ಹೊಸ ಸೀರೆ ಇಟ್ವಿ. ನೀರಿನ ಚೊಂಬು ಕಂಠದ ತನಕ ತುಂಬಿಟ್ಟೋಳು ನಾನು. ಸ್ಪೀಕರು ಗೂಡಲ್ಲೇ ಇತ್ತು, ಅದು ಯಾರಿಗೆ ನೆನಪು? ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಎಳ್ಕೊಂಡ್ವಿ. ಹಿರಿಯರು ಉಣ್ಣೋ ಹೊತ್ತಲ್ಲಿ ಯಾರೂ ಇಣುಕಬಾರದು. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗೋದು ಪದ್ಧತಿ.

ಮಧು, ಲತಾ, ಕೀರ್ತನಾ, ನಾನು. ಸುಮ್ಮನೆ ಬಾವಿ ಹತ್ರ ನಿಂತಿದ್ವಿ. ಒಳಗೆ ಕೆಂಡ ಚಿಟ್ ಚಿಟ್ ಅಂತಿತ್ತು. ಆಮೇಲೆ...

"ಟುಡುಂಗ್... ಟುಡುಂಗ್..."

ಮಹಡಿಯಿಂದ.

"ಯಾರ ಫೋನೇ ಅದು?" ಮಧು ಪಿಸುಗುಟ್ಟಿದ.

"ಫೋನಲ್ಲ ಅಪ್ಪಾ, ಸ್ಪೀಕರ್. ಕೆಳಗಿನ ರೂಮಿಂದ ಕರೆದ್ರೆ ಮಾತ್ರ ಹಂಗೆ..." ಕೀರ್ತನಾ ಅಲ್ಲಿಗೇ ನಿಲ್ಲಿಸಿದ್ಲು.

ಒಳಗೆ ಯಾರಿದಾರೆ? ಇದ್ದ ನಾಲ್ಕು ಜನಾನೂ ಅಂಗಳದಲ್ಲೇ ಇದ್ವಲ್ಲ!

ಲತಾ ನನ್ನ ಕೈ ಹಿಡ್ಕೊಂಡ್ಲು. "ಅಕ್ಕಾ... ಹೋಗಿ ಎತ್ಲಾ?"

"ಸುಮ್ನಿರೇ."

ಬಡ್ಕೊಂಡು ಬಡ್ಕೊಂಡು ನಿಂತಿತು. ಕೀರ್ತನಾ ಮೊಬೈಲ್ ತೆಗೆದು ಸ್ಪೀಕರಿಗೆ ಬಂದ ಕಾಲ್‌ಗಳ ಪಟ್ಟಿ ನೋಡಿದ್ಲು. ಅಜ್ಜಿ ಹೋದಮೇಲೆ ಆ ಮಗು ಅದನ್ನ ತೆಗೆದೇ ಇರಲಿಲ್ಲ.

"ಇವತ್ತಿಂದು ಇಲ್ಲವೇ ಇಲ್ಲ... ಕೊನೇದು..." ಅವಳ ಬೆರಳು ನಿಂತುಬಿಡ್ತು. "ಅಜ್ಜಿ ಹೋದ ರಾತ್ರಿದು. ಎರಡು ಹತ್ತಕ್ಕೆ. ಎರಡು ಹನ್ನೆರಡಕ್ಕೆ..." ಎಣಿಸಿದ್ಲು. "ಹದಿನೇಳು ಸಲ ಕರೆದಿದಾರೆ ಅಮ್ಮಾ. ನಿಂಗೆ ಕೇಳಿಸ್ಲಿಲ್ವಾ?"

ಲತಾ ತಲೆ ಬಗ್ಗಿಸಿದ್ಲು. "ನಾನೇ... ಸೌಂಡ್ ಆಫ್ ಮಾಡಿದ್ದೆ ಕಣೇ."

ಆ ಹುಡುಗಿ ಮುಖ! ದೆವ್ವಕ್ಕಿಂತ ನನಗೆ ಅದೇ ಭಯ ಆಯ್ತು. ಅಮ್ಮನ ಪಕ್ಕದಿಂದ ಸರಿದು ದೂರ ನಿಂತ್ಕೊಂಡ್ಲು.

ಹೊತ್ತಾಯ್ತು ಅಂತ ಮಧು ಬಾಗಿಲು ತಟ್ಟಿದ. ಠಕ್... ಠಕ್... ಠಕ್. ಒಳಗೆ ಹೋದ್ವಿ. ಮುದ್ದೆ ಇಟ್ಟಂಗೇ ಇತ್ತು. ಸಾರಿನ ಮೇಲೆ ಕೆನೆ ಕಟ್ಟಿತ್ತು. ವಡೆ ಒಂದೂ ಕಮ್ಮಿ ಆಗಿರಲಿಲ್ಲ.

ಚೊಂಬು ಖಾಲಿ. ಉರುಳಿರಲಿಲ್ಲ, ನಿಂತೇ ಇತ್ತು. ಕೂತು ನೆಲ ತಡವಿ ನೋಡಿದೆ... ಒಣಗಿತ್ತು.

ಇವತ್ತಿಗೂ ಕೀರ್ತನಾ ಅವರಮ್ಮನ ಕೈಯಿಂದ ನೀರು ಇಸ್ಕೊಳ್ಳಲ್ಲ. ಸುಳ್ಳು ಹೇಳಿ ನನಗೇನಾಗಬೇಕು? ಆ ಚೊಂಬು ತುಂಬಿದ್ದು ಇದೇ ಕೈ.