ಉಮ್ಮತ್ತಿ ಕೊಟ್ಟ ಅಜ್ಜ

ಬ್ಯಾಡ, ಚಾಪಿ ಹಾಸಬ್ಯಾಡ. ಕುಂದ್ರಾಕ ಬಂದಿಲ್ಲ ನಾನು. ಹೊಸಪೇಟಿಯಿಂದ ಸಂಡೂರಿಗೆ ಬಸ್ಸಿನಾಗ ನಿಂತೇ ಬಂದೀನಿ, ನಿನ್ನ ಕಟ್ಟಿ ಮುಂದೂ ನಿಂತೇ ಮಾತಾಡ್ತೀನಿ. ಯಾಕ ಉಚ್ಚೆಂಗಪ್ಪಜ್ಜಾ, ಹಂಗ ನೋಡ್ತಿ? ನೀನು ಅಂದಿದ್ದಕ್ಕಾ? ಹ್ಞೂಂ, ಮೊದ್ಲು ನೀವು ಅಂತಿದ್ದೆ. ಗಂಡನ್ನ ಮಣ್ಣಾಗಿಟ್ಟು ಬಂದ ಮ್ಯಾಲ ಆ ಮರ್ಯಾದಿ ಎಲ್ಲಾ ನಾಲಿಗಿಗೆ ಬರವಲ್ದು.

ಗುರ್ತು ಸಿಕ್ತಿಲ್ಲೋ? ಯಲ್ಲಕ್ಕ. ಟಿಪ್ಪರ್ ಡ್ರೈವರ್ ಪಾಲಪ್ಪನ ಹೆಂಡ್ತಿ. ನೋಡು, ಗಂಡನ ಹೆಸರು ಹೇಳಿಬಿಟ್ಟೆ! ಹದಿನೆಂಟು ವರ್ಷ ಗಂಗೋತ್ರಿ ಅಪ್ಪ, ಗಂಗೋತ್ರಿ ಅಪ್ಪ ಅಂತ ಮಗಳ ಹೆಸರು ಹಿಡದೇ ಕರದಾಕಿ... ಈಗ ಹೇಳಿದ್ರ ಯಾರಿಗೇನಾಗ್ತತಿ?

ಇದೇ ಗುಡ್ಡದ ಗಣಿಯಾಗ ಕೆಂಪು ಧೂಳು ಕುಡದು ಕುಡದು ಉಬ್ಬಸ ಹತ್ತಿತ್ತು ಆತಗ. ಹೊಸಪೇಟಿ ಸಂತ್ಯಾಗ ನಿನ್ನ ಬೇರು-ನಾರಿನ ಚೀಲದ ಮುಂದ ಬಂದು ನಿಂತ್ವಿ. ಆತನ ಎದಿಗೆ ಕಿವಿ ಹಚ್ಚಿ ಕೇಳಿದಿ. ಆಮ್ಯಾಲ ಪೇಪರಿನಾಗ ಸುತ್ತಿ ಉಮ್ಮತ್ತಿ ಎಲಿ, ಅದೇ ದತ್ತೂರಿ, ಕೊಟ್ಟಿ, ನನ್ನ ಕೈಯಾಗೇ. 'ಎದಿ ಬಿಡ್ತತಿ ಯವ್ವಾ' ಅಂದಿ. ಅಂದ್ಯೋ ಇಲ್ಲೋ? ...ಹಾಂ, ತಲಿ ಅಲ್ಲಾಡ್ಸಿದಿ. ಸಾಕು.

ದವಾಖಾನಿ ಡಾಕ್ಟರಮ್ಮ ಎಲ್ಲಾ ಹೇಳ್ಯಾಳ ನನಗ. ಆ ಎಲಿಯಾಗ ಅಟ್ರೋಪಿನ್ ಅಂತ ಒಂದೈತಂತ, ಸ್ಕೋಪೋಲಮಿನ್ ಅಂತ ಇನ್ನೊಂದು. ಪೊಲೀಸ್ರ ಮುಂದ ತಪ್ಪಬಾರ್ದು ಅಂತ ಮೂರು ದಿನ ಬಾಯಿಪಾಠ ಮಾಡೀನಿ. ಕಣ್ಣಿನ ಡಾಕ್ಟ್ರು ಗುಡ್ಡಿ ಅಗಲ ಮಾಡಾಕ ಹನಿ ಬಿಡ್ತಾರಲ್ಲ, ಅದೂ ಇದೇ ಜಾತಿದಂತ. ಒಂಚೂರಾದ್ರ ಔಷಧ. ಹೆಚ್ಚಾತೋ, ಬಾಯಿ ಒಣಗತತಿ, ಮೈ ಸುಡತತಿ, ತಲಿ ಕೆಡತತಿ. ಒಂದೇ ಗಿಡದಾಗ ಒಂದು ಎಲಿ ಇದ್ದಂಗ ಇನ್ನೊಂದು ಇರಂಗಿಲ್ಲಂತ. ಯಾವುದ್ರಾಗ ಎಷ್ಟೈತಿ ಅಂತ ಯಾರ ಕಣ್ಣಿಗೂ ಕಾಣಂಗಿಲ್ಲ. ನಿನಗ ಕಂಡಿತ್ತಾ? ಹೇಳು!

ಆತ ಏನು ಮಾಡಿದ ಗೊತ್ತೈತಾ? ದವಾಖಾನಿ ಮಂಚದ ಮ್ಯಾಲ ಕುಂತು ಟಿಪ್ಪರ್ ಓಡ್ಸಿದ! ಗಾಳ್ಯಾಗ ಗೇರ್ ಹಾಕಿದ. ನರ್ಸಮ್ಮಗ 'ಸೈಡ್ ಕೊಡಲೇ' ಅಂದ... ನಗು ಬಂತಾ? ಇಲ್ಲ, ನೀ ನಗಲಿಲ್ಲ. ನಾ ನಕ್ಕಿದ್ದೆ ಅಜ್ಜಾ, ಆಗ. ಎರಡು ವರ್ಷ ಬೀಡಿ ಮುಟ್ಟಿದ್ದಿಲ್ಲ ಆತ, ಗಂಗೋತ್ರಿ ತಲಿ ಮ್ಯಾಲ ಕೈಯಿಟ್ಟು ಆಣೆ ಮಾಡಿ ಬಿಟ್ಟಿದ್ದ. ಅವತ್ತು ಖಾಲಿ ಬೆರಳು ತುಟಿಗಿಟ್ಟು ಎಳೀತಿದ್ದ, ಇಲ್ಲದ ಹೊಗಿ ಬಿಡ್ತಿದ್ದ. ಕೈ ಹಿಡದ್ರ 'ಯಾರವ್ವಾ ನೀನು?' ಅಂದ. ನನಗ! ಸಂಜಿಕ ಎದಿ ನಿಂತು ಹೋತು.

ನಿನ್ನ ಹಿತ್ಲದಾಗಿನ ಗಿಡ ಕಡಿಸಿದಾಕಿ ನಾನೇ, ನನ್ನ ತಮ್ಮ ಮಲ್ಲೇಶನ್ನ ಕಳಿಸಿ. ಸಂತ್ಯಾಗ ನಿನ್ನ ಚೀಲ ಬೀದಿಗೆ ಎಸಿಸಿದಾಕೀನೂ ನಾನೇ. ವಿಷದ ಮುದುಕ ಅಂತ ಮಂದಿ ಉಗುಳಿದ್ರಲ್ಲ, ಹೊಟ್ಟಿ ತಣ್ಣಗಾತು ನನಗ. ಸ್ಟೇಷನ್ನಾಗ ತಲಿ ತಗ್ಗಿಸಿ ನಿಂತಿ, ಒಂದು ಮಾತು ಆಡಲಿಲ್ಲ. ತಪ್ಪು ನಿಂದೇ ಅಂತ ಊರಿಗೆಲ್ಲಾ ಗೊತ್ತಾತು. ಆದ್ರ ಸಾಲವಲ್ದು ಅಜ್ಜಾ. ಇನ್ನೂ ಸಾಲವಲ್ದು.

ತಗೋ, ಈ ಬಾಟ್ಲಿ. ಲೋಟಕ್ಕ ಹಾಕ್ತೀನಿ, ನೋಡು. ನೀ ಕೊಟ್ಟ ಎಲಿಯಾಗೇ ಉಳದಿದ್ದು. ಆತ ಕುಡದಷ್ಟೇ ನೀನೂ ಕುಡಿ. ನಿನ್ನ ಹೆಂಡ್ತಿ ತಾಯಕ್ಕನ್ನ ನೋಡಿ ನೀನೂ ಯಾರವ್ವಾ ಅನ್ನು, ಆಕೀಗೂ ಗೊತ್ತಾಗ್ಲಿ. ಕುಡಿ!

ಯಾಕ? ಯಾಕ ಹಂಗ ನೋಡ್ತಿ? ಲೋಟ ನೋಡ್ತಿ, ನನ್ನ ಮಕ ನೋಡ್ತಿ... ಏನು ಕೇಳಬೇಕಂತಿ, ಕೇಳಿಬಿಡು. ಎಲಿ ಲೋಟದಾಗ ಹೆಂಗ ಬಂತು ಅಂತ ಕೇಳು! ಕೇಳವಲ್ಲಿ... ಬೀಡಿಯಂಗ ಸುತ್ತಿ ಸೇದಾಕ ಕೊಟ್ಟಿದ್ದೆ, ಹೊಟ್ಟಿಗೆ ಮಾತ್ರ ಬ್ಯಾಡ ಅಂತ ಮೂರು ಸಲ ಹೇಳಿದ್ದೆ ಅನ್ನು! ಸ್ಟೇಷನ್ನಾಗ ಯಾಕ ಅನಲಿಲ್ಲ? ಆತನ ಹೊಟ್ಟ್ಯಾಗ ಕಷಾಯ ಇತ್ತು ಅಂತ ಪೊಲೀಸ್ರು ದವಾಖಾನಿ ರಿಪೋರ್ಟ್ ಓದಿದಾಗ ನನ್ನ ಕಡಿ ನೋಡಿದಿ. ಒಂದೇ ಸಲ. ಆಮ್ಯಾಲ ನನ್ನ ಬಾಜೂಕ ನಿಂತಿದ್ದ ಗಂಗೋತ್ರಿನ್ನ ನೋಡಿದಿ. ತಲಿ ತಗ್ಗಿಸಿದಿ. ಅವತ್ತಿಂದ ನಿನ್ನ ಸುಡಬೇಕು ಅನಸ್ತತಿ ನನಗ!

ಸೇದಿದ್ರ ಆಣೆ ಮುರೀತತಿ, ಮಗಳಿಗೆ ಏನಾರ ಆದೀತು ಅಂದ ಆತ. ಸೇದಬ್ಯಾಡ ಬಿಡು, ತುಳಸಿ ಕುದಿಸಿದಂಗ ಕುದಿಸಿ ಕೊಡ್ತೀನಿ ಅಂದೆ. ಬೆಲ್ಲ ಹಾಕಿದೆ... ಜೀರಿಗಿ ಹಾಕಿದೆ... ಕಹಿ ಐತಿ ಅಂದ. ಸಣ್ಣ ಹುಡುಗನಂಗ ಮಾಡಬ್ಯಾಡ ಅಂತ ಗದರಿಸಿ...

ಏಯ್, ಏನು ಮಾಡ್ತಿ? ಅಜ್ಜಾ! ಬಾಯಿಗೆ ಹಚ್ಚಬ್ಯಾಡ! ಬ್ಯಾಡ... ಇಡು... ಇಡ್ರಿ ಕೆಳಗ, ನಿಮ್ಮ ಕಾಲಿಗೆ ಬೀಳ್ತೀನಿ, ಇಡ್ರಿ! ...ಚೆಲ್ಲಿತಾ? ಚೆಲ್ಲಲಿ. ಪೂರ್ತಿ ಚೆಲ್ರಿ.

ಕುಡಿಸಿದಾಕಿ ನಾನ್ರಿ. ಏನಾರ ಮಾತಾಡ್ರಿ ಅಜ್ಜಾ... ಗಂಗೋತ್ರಿಗೆ ಹೆಂಗ ಹೇಳ್ಲಿ?