‘ಇನ್’ ಎಂದರೆ ‘ಅಲ್ಲ’ ಎಂದು ಕಲಿಸಿದವಳು

ಮಾನ್ಯ ಅಧ್ಯಕ್ಷರೇ, ಲಾಟೋಕ ಊರಿನ ಹಿರಿಯರೇ, ಕಾಲು ಜೋಮು ಹಿಡಿದರೂ ಚಾಪೆ ಬಿಟ್ಟೇಳದ ಸಭಿಕರೇ,

ಇಷ್ಟು ಹೊತ್ತು ಈ ವಿಲಿಮೈನಾಳನ್ನು ಹೊಗಳಿದಿರಿ. ದುಡಿಯುವವರಿಗೆ ಇಪ್ಪತ್ತಾರು ವರ್ಷ ಸಂಜೆ ತರಗತಿಯಲ್ಲಿ ಇಂಗ್ಲಿಷ್ ಓದಲು ಕಲಿಸಿದೆ, ನಿಜ. ಉದ್ದದ ಪದಕ್ಕೆ ಹೆದರಬೇಡಿ, ತುಂಡು ಮಾಡಿ ಎನ್ನುತ್ತಿದ್ದೆ. ತುಂಡಿಗೊಂದು ಚಪ್ಪಾಳೆ, ಒತ್ತು ಬೀಳುವಲ್ಲಿ ಜೋರು ಚಪ್ಪಾಳೆ. ‘ಕರೆಕ್ಟ್’ ಎಂದರೆ ಸರಿ; ಮುಂದೆ ‘ಇನ್’ ಬಂದರೆ ಸರಿಯಲ್ಲ. ‘ಇನ್’ ಎಂದರೆ ‘ಅಲ್ಲ’. ಎಷ್ಟು ಸುಲಭ, ಅಲ್ಲವೇ?

ಕಿಟಕಿಯ ಬಳಿ ಕುಳಿತಿರುವ ಅಪೆನಿಸಾ ಆಗ ದೋಣಿ ಕಟ್ಟುವ ಕಾರ್ಖಾನೆಯಲ್ಲಿ ಬೆಸುಗೆ ಕೆಲಸದಲ್ಲಿದ್ದ. ನಲವತ್ತು ದಾಟಿದ ಮೇಲೆ ನನ್ನ ತರಗತಿಯಲ್ಲಿ ಅಕ್ಷರ ಕಲಿತವನು. ಹತ್ತೊಂಬತ್ತು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಅವನ ಪಕ್ಕ ಬಣ್ಣ ತೆಳುಮಾಡುವ ಎಣ್ಣೆಯ ಪೀಪಾಯಿ ಇತ್ತು. ಅದನ್ನು ಸರಿಸಬೇಕೇ ಎಂದು ಮೇಸ್ತ್ರಿ ಕೇಳಿದ. ಅಪೆನಿಸಾ ಮೇಲಿದ್ದ ಪದವನ್ನು ಓದಿದ. ಇನ್-ಫ್ಲಾ-ಮ-ಬಲ್.

“ಫ್ಲೇಮ್ ಅಂದ್ರೆ ಉರಿ. ಮುಂದೆ ಇನ್ ಇದೆ. ಉರಿಯಲ್ಲ, ಬಿಡಣ್ಣ, ಅಲ್ಲೇ ಇರ್ಲಿ.”

ಆ ಪದಕ್ಕೆ ಅರ್ಥ, ಬೇಗ ಹೊತ್ತಿಕೊಳ್ಳುವಂಥದ್ದು. ಬೆಸುಗೆಯ ಕಿಡಿಗೆ ಹೊತ್ತಿಕೊಂಡಿತು. ಅವನ ಎರಡೂ ಕೈ ಬೆಂದವು.

ಮೂರನೆಯ ದಿನ ಅವನ ಮಾಲೀಕರು ನನ್ನಲ್ಲಿಗೆ ಬಂದು, ಆ ಪದವನ್ನು ನೀವು ಕಲಿಸಿದ್ದಿರಾ ಎಂದರು. ಇಲ್ಲ ಎಂದೆ. ಅದು ಸುಳ್ಳಲ್ಲ, ಪದವನ್ನು ಕಲಿಸಿರಲಿಲ್ಲ, ನಿಯಮವನ್ನು ಕಲಿಸಿದ್ದೆ. ಅಲ್ಲಿಗೇ ಬಾಯಿ ಮುಚ್ಚಬಹುದಿತ್ತು. ಮುಚ್ಚಲಿಲ್ಲ.

“ಅವನು ಕ್ಲಾಸಿಗೆ ಸರಿಯಾಗಿ ಬರ್ತಾ ಇರ್ಲಿಲ್ಲ” ಎಂದೆ.

ಹಾಜರಿ ಪುಸ್ತಕ ನನ್ನ ಮೇಜಿನ ಮೇಲೇ ಇತ್ತು. ಅವನು ಒಂದು ದಿನವೂ ತಪ್ಪಿಸಿರಲಿಲ್ಲ. ಆ ವಾರವೇ ಅವನ ಕೆಲಸ ಹೋಯಿತು.

ಆಸ್ಪತ್ರೆಗೆ ನಾನು ಹೋದೆನೇ? ಹೋಗಲಿಲ್ಲ. ಎರಡು ತಿಂಗಳಾದ ಮೇಲೆ ಅವನೇ ತರಗತಿಗೆ ಬಂದ. ಕೈಗೆ ಪಟ್ಟಿ. ಎಲ್ಲರೂ ಚಪ್ಪಾಳೆ ತಟ್ಟಿ ಪದ ಒಡೆದಾಗ ಅವನು ಹಿಮ್ಮಡಿಯಿಂದ ನೆಲ ಕುಟ್ಟಿದ. ಕೊನೆಗೆ ಎದ್ದು ನಿಂತು ಹೇಳಿದ:

“ಮೇಡಂ, ನಿಮ್ಮ ನಿಯಮ ಎಲ್ಲೆಲ್ಲಿ ಕೈ ಕೊಡುತ್ತೆ ಅಂತ ಮೊದಲು ಹೇಳಿ. ಇವರಾದ್ರೂ ಬರ್ಕೊಳ್ಳಲಿ.”

ಅಂದಿನಿಂದ ನನ್ನ ಮೊದಲ ಪಾಠ ಅದೇ. ನೀವು ಈಗ ಹೊಗಳಿದ ಪಾಠಕ್ರಮ ಹುಟ್ಟಿದ್ದು ಅವನ ಆ ಮಾತಿನಿಂದ. ಆದರೆ ನಾನು ಮಾಲೀಕರಿಗೆ ಹೇಳಿದ ಮಾತು ಅವನಿಗೆ ಇವತ್ತಿನವರೆಗೂ ಗೊತ್ತಿರಲಿಲ್ಲ.

ಅಪೆನಿಸಾ, ತಲೆ ತಗ್ಗಿಸಬೇಡ. ತಗ್ಗಿಸಬೇಕಾದವಳು ನಾನು. ಕ್ಷಮೆ ಕೇಳುವಾಗ ನಮ್ಮವರು ಒಯ್ಯುವ ತಿಮಿಂಗಿಲದ ಹಲ್ಲನ್ನು ಚೀಲದಲ್ಲಿ ತಂದಿದ್ದೇನೆ; ಅದನ್ನು ತೆಗೆದುಕೊಂಡರೆ ಕ್ಷಮಿಸಿದಂತೆ. ಈಗ ಕೆಳಗಿಳಿದು ನಿನ್ನ ಮುಂದೆ ಕೂರುತ್ತೇನೆ. ಹಿರಿಯರೇ, ತೆಗೆದುಕೋ ಎಂದು ಅವನನ್ನು ಯಾರೂ ಒತ್ತಾಯಿಸಬೇಡಿ. ಬೇಡ ಎನ್ನುವ ಹಕ್ಕು ಅವನಿಗಿದೆ.

ಕೇಳಿಸಿಕೊಂಡ ನಿಮಗೆಲ್ಲ ನನ್ನ ವಂದನೆ. ನಮಸ್ಕಾರ.